ನಲ್ಲಿಯ ಒತ್ತಡ, ಬಾವಿಯ ಅಳವು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಬಾವಿಗೆ ಹಗ್ಗ ಇಳಿಯುತ್ತಿದ್ದ ಕಾಲದಲ್ಲಿ ಮಲೆನಾಡಿನ ಪ್ರತಿಯೊಂದು ಮನೆಯ ಹೆಂಗಸರಿಗೂ ನೀರಿನ ಲೆಕ್ಕ ತಿಳಿದಿರುತ್ತಿತ್ತು. ಆಷಾಢದಲ್ಲಿ ಒಂದೂವರೆ ಮಾರು ಹಗ್ಗಕ್ಕೆ ಸಿಗುತ್ತಿದ್ದ ನೀರು ಶಿವರಾತ್ರಿಯ ಹೊತ್ತಿಗೆ ಮೂರು ಮಾರಿಗೆ, ಯುಗಾದಿ ಕಳೆದ ಮೇಲೆ ನಾಲ್ಕು ಮಾರಿಗೆ ಇಳಿದರೆ, ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಬೇಕೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಸೇದುವ ತೋಳಿನ ನೋವೇ ಎಚ್ಚರಿಕೆಯ ಗಂಟೆಯಾಗಿತ್ತು. ಆ ಶ್ರಮ ಮರಳಿ ಬರಲಿ ಎಂದು ಯಾರೂ ಬಯಸಬೇಕಾಗಿಲ್ಲ. ರಾಟೆಯಿಂದ ಪಂಪಿಗೆ, ಪಂಪಿನಿಂದ ಟ್ಯಾಂಕಿಗೆ, ಟ್ಯಾಂಕಿಯಿಂದ ನಲ್ಲಿಗೆ ನೀರು ಬಂದದ್ದು ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಬಿಡುಗಡೆಯೇ ಸರಿ. ಆದರೆ ಹಗ್ಗದ ಜೊತೆಗೆ ಹಗ್ಗ ಹೇಳುತ್ತಿದ್ದ ಲೆಕ್ಕವೂ ಮನೆಯಿಂದ ಹೊರಟುಹೋಯಿತು.

ಈಗ ಮತ್ತೊಂದು ಹೆಜ್ಜೆಯ ಕಾಲ ಬಂದಿದೆ. ಹಂಚಿನ ಮನೆಗಳ ಪಕ್ಕದಲ್ಲಿ ತಾರಸಿ ಮನೆಗಳು ಎದ್ದಿವೆ. ಮಹಡಿಯ ಬಚ್ಚಲಿನಲ್ಲಿ ಶವರ್ ಇದೆ, ಹಿತ್ತಲ ಜಗಲಿಯಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು “ಅಜ್ಜ, ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತದೆ” ಎನ್ನುತ್ತಾರೆ. ಪೇಟೆಯಿಂದ ಬಂದ ಕೆಲಸಗಾರ “ಬಾವಿಗೇ ಒಂದು ಪ್ರೆಶರ್ ಪಂಪ್ ಕೂರಿಸಿಬಿಡಿ, ಟ್ಯಾಂಕಿಯ ಗೊಡವೆಯೇ ಬೇಡ” ಎಂದು ಸಲಹೆ ಕೊಡುತ್ತಾನೆ. ಈ ಸಲಹೆಯನ್ನು ಒಪ್ಪುವ ಮುನ್ನ ಒತ್ತಡವೆಂದರೇನು, ಅದು ಎಲ್ಲಿ ನಷ್ಟವಾಗುತ್ತದೆ, ಅದನ್ನು ಹೆಚ್ಚಿಸಿದರೆ ಬಾವಿಯ ಮೇಲೆ ಬೀಳುವ ಹೊರೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ವಿವೇಚಿಸುವುದು ಅಗತ್ಯ.

ಎತ್ತರವೇ ಒತ್ತಡ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ ಪಾಠವೇ ಇಲ್ಲಿ ಆಧಾರ. ನೀರು 10 ಮೀಟರ್ ಎತ್ತರದಲ್ಲಿ ನಿಂತರೆ ಅದರ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಉಂಟಾಗುತ್ತದೆ. ಟ್ಯಾಂಕಿ ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಐದು ನೂರು ಲೀಟರಿನ ಟ್ಯಾಂಕಿಯನ್ನು ತೆಗೆದು ಎರಡು ಸಾವಿರ ಲೀಟರಿನದನ್ನು ಅದೇ ಜಾಗದಲ್ಲಿ ಇಟ್ಟರೆ ಸಂಗ್ರಹ ಹೆಚ್ಚುತ್ತದೆಯೇ ಹೊರತು ನಲ್ಲಿಯ ರಭಸ ಹೆಚ್ಚುವುದಿಲ್ಲ. ತಾರಸಿಯ ಮೇಲಿನ ಟ್ಯಾಂಕಿಯ ತಳ ಕೆಳಮನೆಯ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಆ ನಲ್ಲಿಗೆ ದೊರೆಯುವುದು 0.3 ಕೆ.ಜಿ. ಒತ್ತಡ. ಮಹಡಿಯ ಶವರ್ ಟ್ಯಾಂಕಿಗಿಂತ ಒಂದೇ ಮೀಟರ್ ಕೆಳಗಿದ್ದರೆ ಅಲ್ಲಿ ದೊರೆಯುವುದು ಕೇವಲ 0.1 ಕೆ.ಜಿ. ಶವರಿನ ಸಣ್ಣ ತೂತುಗಳನ್ನು ಆ ಒತ್ತಡ ದಾಟಲಾರದು. ಆದುದರಿಂದಲೇ ಕೆಳಗಿನ ಬಚ್ಚಲಿನಲ್ಲಿ ಕೊಡ ತುಂಬುವ ನೀರು ಮಹಡಿಯಲ್ಲಿ ತೊಟ್ಟಿಕ್ಕುತ್ತದೆ.

ಕೊಳವೆಯು ನುಂಗುವ ಒತ್ತಡ

ಇರುವ ಅಲ್ಪ ಒತ್ತಡವೂ ಪೂರ್ತಿಯಾಗಿ ನಲ್ಲಿಯನ್ನು ತಲುಪುವುದಿಲ್ಲ. ಹರಿಯುವ ನೀರು ಕೊಳವೆಯ ಗೋಡೆಗೆ ಉಜ್ಜುವುದರಿಂದ ಒತ್ತಡ ಸೋರಿಹೋಗುತ್ತದೆ. ಒಳವ್ಯಾಸ 15 ಮಿ.ಮೀ. ಇರುವ ಪ್ಲಾಸ್ಟಿಕ್ ಕೊಳವೆಯಲ್ಲಿ ನಿಮಿಷಕ್ಕೆ 12 ಲೀಟರ್ ನೀರು ಹರಿದರೆ 20 ಮೀಟರ್ ಉದ್ದದಲ್ಲಿ ಸುಮಾರು 2.4 ಮೀಟರ್ ಎತ್ತರಕ್ಕೆ ಸಮನಾದ ಒತ್ತಡ ನಷ್ಟವಾಗುತ್ತದೆ. ಒಳವ್ಯಾಸ 25 ಮಿ.ಮೀ. ಇದ್ದರೆ ಅದೇ ಹರಿವಿಗೆ, ಅದೇ ಉದ್ದಕ್ಕೆ ನಷ್ಟ 0.2 ಮೀಟರ್ ಮಾತ್ರ. ಟ್ಯಾಂಕಿ ಕೇವಲ 3 ಮೀಟರ್ ಎತ್ತರದಲ್ಲಿರುವ ಮನೆಯಲ್ಲಿ ಈ ಎರಡು ಅಂಕಿಗಳ ಅಂತರವೇ ‘ನೂಲಿನಂತಹ’ ನೀರಿಗೂ ಸಮಾಧಾನಕರ ನೀರಿಗೂ ಇರುವ ಅಂತರ.

ಮಲೆನಾಡಿನ ಹಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಜಂಬಿಟ್ಟಿಗೆ ಮಣ್ಣಿನ ನೀರು ಸಾಮಾನ್ಯವಾಗಿ ತುಸು ಆಮ್ಲೀಯವೂ ಹೌದು. ಹಳೆಯ ಜಿ.ಐ. ಕೊಳವೆಗಳು ಒಳಗೇ ತುಕ್ಕು ಹಿಡಿದು ಕೆಂಪು ಪದರ ಕಟ್ಟಿಕೊಳ್ಳುತ್ತವೆ. 15 ಮಿ.ಮೀ. ಒಳವ್ಯಾಸ ಹೀಗೆ 12 ಮಿ.ಮೀ.ಗೆ ಕುಗ್ಗಿದರೆ ಅದೇ ಹರಿವಿಗೆ ಒತ್ತಡದ ನಷ್ಟ ಸುಮಾರು ಮೂರು ಪಟ್ಟಾಗುತ್ತದೆ. ಕೊಳವೆ ಎಲ್ಲಾದರೂ ಮೇಲೇರಿ ಇಳಿಯುವಂತಿದ್ದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ಅಲ್ಲಿ ಗಾಳಿ ಹೊರಹೋಗುವ ಒಂದು ಕವಲನ್ನು ಇಟ್ಟರೆ ಸಾಕು.

ಆದ್ದರಿಂದ ಯಾವುದೇ ಮನೆಯಲ್ಲಿ ಒತ್ತಡದ ಸುಧಾರಣೆ ಆರಂಭವಾಗಬೇಕಾದದ್ದು ಪಂಪಿನ ಅಂಗಡಿಯಿಂದಲ್ಲ, ಕೊಳವೆಯ ತಪಾಸಣೆಯಿಂದ. ಟ್ಯಾಂಕಿಯಿಂದ ಇಳಿಯುವ ಮುಖ್ಯ ಕೊಳವೆಯನ್ನು ಒಂದಿಂಚಿನದಾಗಿ ಬದಲಿಸುವುದು, ಅನಗತ್ಯ ಬಾಗುಗಳನ್ನು ತೆಗೆಯುವುದು, ಅರ್ಧ ಮುಚ್ಚಿಕೊಂಡ ಹಳೆಯ ವಾಲ್ವುಗಳನ್ನು ಕಳಚುವುದು ಮತ್ತು ನಲ್ಲಿಯ ಮುಂದಿನ ಜಾಲರಿಯನ್ನು ತೊಳೆಯುವುದು ಮೊದಲು ಆಗಬೇಕಾದ ಕೆಲಸಗಳು. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ.

ಬಾವಿಯ ಅಳವನ್ನು ಅಳೆಯುವ ಬಗೆ

ಇಷ್ಟಕ್ಕೂ ನೀರು ಸಾಲದೆಂದಾಗ ಪಂಪಿನ ಪ್ರಶ್ನೆ ಬರುತ್ತದೆ. ಆಗ ಮೊದಲು ಅಳೆಯಬೇಕಾದದ್ದು ಬಾವಿಯನ್ನು, ಅದೂ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ. ಮಳೆಗಾಲದ ಬಾವಿಯನ್ನು ನೋಡಿ ಪಂಪ್ ಕೊಳ್ಳುವುದು ಹಬ್ಬದ ದಿನದ ಅಡಿಗೆ ನೋಡಿ ವರ್ಷದ ಅಕ್ಕಿಯ ಲೆಕ್ಕ ಹಾಕಿದಂತೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬಾವಿಯ ವ್ಯಾಸ 2 ಮೀಟರ್, ಆಳ 9 ಮೀಟರ್. ಏಪ್ರಿಲ್ ತಿಂಗಳಿನಲ್ಲಿ ಅದರಲ್ಲಿ ನಿಂತ ನೀರು ಒಂದೂವರೆ ಮೀಟರ್. ಇಂತಹ ಬಾವಿಯಲ್ಲಿ ಪ್ರತಿ 10 ಸೆಂ.ಮೀ. ಎತ್ತರಕ್ಕೆ 314 ಲೀಟರ್ ನೀರಿರುತ್ತದೆ. ಪಂಪ್ ನಡೆಸಿ ಮಟ್ಟವನ್ನು ಅರ್ಧ ಮೀಟರ್ ಇಳಿಸಿ, ನಿಲ್ಲಿಸಿ, ಕಲ್ಲು ಕಟ್ಟಿದ ದಾರದಿಂದ ಅಳೆದು, ಒಂದು ಗಂಟೆಯ ನಂತರ ಮತ್ತೆ ಅಳೆಯಬೇಕು. ನೀರು 10 ಸೆಂ.ಮೀ. ಏರಿದ್ದರೆ ಒಸರು ಗಂಟೆಗೆ 314 ಲೀಟರ್, ಎಂದರೆ ನಿಮಿಷಕ್ಕೆ ಸುಮಾರು 5 ಲೀಟರ್ ಎಂದಾಯಿತು. ಮಟ್ಟ ಏರಿದಂತೆ ಒಸರು ಇನ್ನೂ ನಿಧಾನವಾಗುತ್ತದೆ. ಇದೇ ಆ ಬಾವಿಯ ಬೇಸಿಗೆಯ ಅಳವು.

ನಿಮಿಷಕ್ಕೆ 5 ಲೀಟರ್ ಒಸರುವ ಈ ಬಾವಿಗೆ ನಿಮಿಷಕ್ಕೆ 30 ಲೀಟರ್ ಎತ್ತುವ ಪಂಪನ್ನು ನೇರವಾಗಿ ನಲ್ಲಿಗಳಿಗೆ ಜೋಡಿಸಿದರೆ ಆಗುವುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಬಾವಿಯ ತಳದ ಕೆಸರನ್ನೂ ಫುಟ್ ವಾಲ್ವಿನ ಮೇಲೆ ಇರಬೇಕಾದ ನೀರನ್ನೂ ಬಿಟ್ಟರೆ ಬಳಕೆಗೆ ಸಿಗುವುದು ಸುಮಾರು 90 ಸೆಂ.ಮೀ. ನೀರು, ಎಂದರೆ 2,800 ಲೀಟರ್. ತೋಟದ ಬದಿಯ ನಲ್ಲಿಗೆ ಹೋಸ್ ಪೈಪು ಸಿಕ್ಕಿಸಿ ಮರೆತುಬಿಟ್ಟರೆ ಎರಡು ಗಂಟೆಯೊಳಗೆ ಅದು ಮುಗಿಯುತ್ತದೆ. ಪಂಪ್ ಒಣಗಿ ತಿರುಗಿ ಅದರ ಸೀಲು ಸುಟ್ಟುಹೋಗುತ್ತದೆ. ತಳದ ಕೆಸರು ಕಲಕಿ ಮರುದಿನ ಕುಡಿಯುವ ನೀರು ಕೆಂಪಾಗುತ್ತದೆ. ಮನೆಗೆ ಟ್ಯಾಂಕಿ ಇದ್ದಿದ್ದರೆ ಇದೇ ಮರೆವಿನಲ್ಲಿ ಖಾಲಿಯಾಗುತ್ತಿದ್ದುದು ಸಾವಿರ ಲೀಟರ್ ಮಾತ್ರ. ಬಾವಿಯಲ್ಲಿ ಉಳಿದ ನೀರು ಸುರಕ್ಷಿತವಾಗಿರುತ್ತಿತ್ತು. ಟ್ಯಾಂಕಿ ಬರಿದಾಗುವುದು ಒಂದು ತೊಂದರೆಯೆಂದು ಕಾಣುತ್ತದೆ, ವಾಸ್ತವದಲ್ಲಿ ಅದು ಹಗ್ಗದ ಸ್ಥಾನದಲ್ಲಿ ನಿಂತು ಲೆಕ್ಕ ಹೇಳುವ ಎಚ್ಚರಿಕೆ.

ರಭಸ ಹೆಚ್ಚಿದಂತೆ ಬಳಕೆಯೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ತೆರೆದ ನಲ್ಲಿಯಲ್ಲಿ ಒತ್ತಡ ನಾಲ್ಕು ಪಟ್ಟಾದರೆ ಹರಿವು ಸುಮಾರು ಇಮ್ಮಡಿಯಾಗುತ್ತದೆ. ನಿಮಿಷಕ್ಕೆ 6 ಲೀಟರ್ ಸುರಿಸುತ್ತಿದ್ದ ಶವರ್ 12 ಲೀಟರ್ ಸುರಿಸಿದರೆ ಹತ್ತು ನಿಮಿಷದ ಸ್ನಾನಕ್ಕೆ 60 ಲೀಟರ್ ಬದಲು 120 ಲೀಟರ್ ಬೇಕು. ನಾಲ್ಕು ಜನರಿಗೆ ದಿನಕ್ಕೆ 240 ಲೀಟರ್ ಹೆಚ್ಚುವರಿ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ನಿಗದಿಪಡಿಸಿದ ಪ್ರಮಾಣ ದಿನಕ್ಕೆ ತಲಾ 55 ಲೀಟರ್. ಎಂದರೆ ಸ್ನಾನದ ರಭಸಕ್ಕಾಗಿ ಹೆಚ್ಚಾಗಿ ಹರಿದ ನೀರು ಮತ್ತೆ ನಾಲ್ವರ ಇಡೀ ದಿನದ ಪಾಲಿಗೆ ಸಮ.

ಬೇಸಿಗೆಯಲ್ಲಿ ಪಂಪ್ ಸೋಲುವುದೇಕೆ?

ಜನವರಿಯವರೆಗೆ ಸರಿಯಾಗಿ ನಡೆದ ಪಂಪ್ ಏಪ್ರಿಲ್‌ನಲ್ಲಿ ನೀರೆತ್ತದಿದ್ದಾಗ ದೋಷವನ್ನು ಪಂಪಿನ ಮೇಲೆ ಹೊರಿಸುವುದು ವಾಡಿಕೆ. ಬಾವಿಯ ದಂಡೆಯ ಮೇಲೆ ಕುಳಿತ ಪಂಪ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಇಟಲಿಯ ಟೊರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆಯ ಪ್ರಯೋಗದಿಂದ ಇದನ್ನು ಸ್ಪಷ್ಟಪಡಿಸಿದ. ಸಮುದ್ರಮಟ್ಟದಲ್ಲಿ ಗಾಳಿ ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. 600–700 ಮೀಟರ್ ಎತ್ತರದ ಘಟ್ಟದ ಊರುಗಳಲ್ಲಿ ಗಾಳಿಯ ಒತ್ತಡ ಶೇ. 7–8ರಷ್ಟು ಕಡಿಮೆ. ಕೊಳವೆಯ ಘರ್ಷಣೆ, ಫುಟ್ ವಾಲ್ವಿನ ಸೋರಿಕೆ ಮೊದಲಾದವನ್ನು ಕಳೆದರೆ ವ್ಯವಹಾರದಲ್ಲಿ ಉಳಿಯುವುದು 6–7 ಮೀಟರ್ ಮಾತ್ರ. ಮೇಲಿನ ಉದಾಹರಣೆಯ ಬಾವಿಯಲ್ಲಿ ಏಪ್ರಿಲ್‌ನ ನೀರು ದಂಡೆಯಿಂದ ಏಳೂವರೆ ಮೀಟರ್ ಕೆಳಗಿದೆ. ಒಂದು ಅಶ್ವಶಕ್ತಿಯ ಬದಲು ಎರಡು ಅಶ್ವಶಕ್ತಿಯ ಪಂಪ್ ತಂದರೂ ಪ್ರಕೃತಿಯ ಈ ಮಿತಿ ಬದಲಾಗದು. ಪಂಪನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಬೇಕು, ಇಲ್ಲವೇ ತೆರೆದ ಬಾವಿಗೆಂದೇ ತಯಾರಾಗುವ, ನೀರಿನಲ್ಲಿ ಮುಳುಗಿರುವ ಪಂಪನ್ನು ಬಳಸಬೇಕು.

ಗುಡ್ಡವೇ ಗೋಪುರ

ಬಯಲುಸೀಮೆಯವರಿಗೆ ಇಲ್ಲದ ಒಂದು ಸೌಕರ್ಯ ಮಲೆನಾಡಿಗಿದೆ. ಅದು ಮನೆಯ ಹಿಂದಿನ ಗುಡ್ಡ. ಹಿರಿಯರು ಅಡಕೆ ದಬ್ಬೆಗಳಲ್ಲಿ ಅಬ್ಬಿಯ ನೀರನ್ನು ಅಂಗಳಕ್ಕೆ ಇಳಿಸಿಕೊಂಡದ್ದು ಈ ಇಳಿಜಾರಿನ ಬಲದಿಂದಲೇ. ಅದೇ ಬುದ್ಧಿಯನ್ನು ಇಂದಿನ ನಲ್ಲಿಗೂ ಬಳಸಬಹುದು. ಟ್ಯಾಂಕಿಯನ್ನು ತಾರಸಿಯ ಮೇಲೆ ಇಡುವ ಬದಲು ಮನೆಯ ನಲ್ಲಿಗಿಂತ 12 ಮೀಟರ್ ಎತ್ತರದ ಗುಡ್ಡದ ಮೇಲಿಟ್ಟು, 60 ಮೀಟರ್ ಉದ್ದದ ಒಂದಿಂಚಿನ ಕೊಳವೆಯಲ್ಲಿ ಇಳಿಸಿದರೆ, ನಿಮಿಷಕ್ಕೆ 12 ಲೀಟರ್ ಹರಿಯುವಾಗ ನಷ್ಟ ಸುಮಾರು 0.6 ಮೀಟರ್. ಉಳಿದ 1.1 ಕೆ.ಜಿ.ಗೂ ಮೀರಿದ ಒತ್ತಡ ಶವರಿಗೂ ಯಂತ್ರಕ್ಕೂ ಸಾಮಾನ್ಯವಾಗಿ ಸಾಕು. ಮಹಡಿಯಲ್ಲಿ ಅದು 0.3 ಕೆ.ಜಿ.ಯಷ್ಟು ಕಡಿಮೆಯಾದರೂ ತೊಂದರೆಯಿಲ್ಲ.

ವಿದ್ಯುತ್ತಿನ ದೃಷ್ಟಿಯಿಂದಲೂ ಇದನ್ನು ತೂಗಬಹುದು. 8 ಮೀಟರ್ ಆಳದ ನೀರನ್ನು 6 ಮೀಟರ್ ಎತ್ತರದ ತಾರಸಿಗೆ ಏರಿಸಲು ಪಂಪ್ ದುಡಿಯುವುದು 14 ಮೀಟರ್ ಎತ್ತರಕ್ಕೆ. ಗುಡ್ಡದ ಟ್ಯಾಂಕಿಗಾದರೆ 20 ಮೀಟರ್. 3 ಕೆ.ಜಿ. ಒತ್ತಡ ಕೊಡುವ ನೇರ ವ್ಯವಸ್ಥೆಗೆ 38 ಮೀಟರ್. ಬಕೆಟ್ ತುಂಬಲು, ಪಾತ್ರೆ ತೊಳೆಯಲು ಬೇಕಿಲ್ಲದ ಒತ್ತಡಕ್ಕೂ ಪ್ರತಿ ಲೀಟರಿನ ಮೇಲೆ ಬೆಲೆ ತೆರಬೇಕು.

ಅದಕ್ಕಿಂತ ಮುಖ್ಯವಾದುದು ಮಳೆಗಾಲ. ಆಗಸ್ಟ್ 2019ರ ಅತಿವೃಷ್ಟಿಯಲ್ಲಿ ಮರಗಳು ತಂತಿಯ ಮೇಲೆ ಬಿದ್ದು ಊರೂರುಗಳು ದಿನಗಟ್ಟಲೆ ಕತ್ತಲಲ್ಲಿದ್ದುದನ್ನು ಯಾರೂ ಮರೆತಿಲ್ಲ. ವಿದ್ಯುತ್ತನ್ನೇ ನಂಬಿದ ನೇರ ಒತ್ತಡದ ವ್ಯವಸ್ಥೆಯಲ್ಲಿ ಕರೆಂಟು ಹೋದ ಕೆಲವೇ ನಿಮಿಷಗಳಲ್ಲಿ ನಲ್ಲಿ ನಿಲ್ಲುತ್ತದೆ. ಬಾವಿ ತುಂಬಿ ತುಳುಕುತ್ತಿರುವಾಗ ಮನೆಯೊಳಗೆ ನೀರಿಲ್ಲದ ಸ್ಥಿತಿ ಅದು. ಆರು ಜನರಿಗೆ 330 ಲೀಟರ್, ಎರಡು ಹಸುಗಳಿಗೆ ಕುಡಿಯಲು ನೂರು ಲೀಟರ್ ಎಂದರೂ ಗುಡ್ಡದ ಮೇಲಿನ ಸಾವಿರ ಲೀಟರ್ ಎರಡು ದಿನಗಳನ್ನು ದಾಟಿಸುತ್ತದೆ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯಕ. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಅದನ್ನು ಮನೆ ಕಟ್ಟಲು ಕಡಿದ ಧರೆಯ ಅಂಚಿನಲ್ಲಿ ಎಂದಿಗೂ ಇಡಬಾರದು. ತುಂಬಿ ಹೊರಚೆಲ್ಲುವ ನೀರು ಧರೆಗೆ ಇಂಗದಂತೆ ಪ್ರತ್ಯೇಕ ಕೊಳವೆಯಲ್ಲಿ ದೂರದ ಚರಂಡಿಗೆ ಸಾಗಬೇಕು. 2018ರಲ್ಲಿ ಕೊಡಗಿನಲ್ಲಿ ನಡೆದ ಗುಡ್ಡ ಕುಸಿತಗಳು ನೀರುಂಡ ಕಡಿದಾದ ಮಣ್ಣಿನ ಅಪಾಯವನ್ನು ತೋರಿಸಿಕೊಟ್ಟಿವೆ. ಮಂಗಗಳು ಮುಚ್ಚಳ ತೆರೆಯದಂತೆ ಬಿಗಿಯಾಗಿ ಕಟ್ಟಬೇಕು. ಕೊಳವೆಯನ್ನು ಒಂದೂವರೆ ಅಡಿ ಆಳದಲ್ಲಿ ಹೂಳಿದರೆ ಬಿಸಿಲಿನಿಂದಲೂ ಬೆಂಕಿಯಿಂದಲೂ ರಕ್ಷಣೆ ದೊರೆಯುತ್ತದೆ. ಎತ್ತರವನ್ನು ಕಣ್ಣಳತೆಯಿಂದ ನಿರ್ಧರಿಸಬಾರದು. ಗಾರೆಯವರು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಇಬ್ಬರು ವಿದ್ಯಾರ್ಥಿಗಳು ಅರ್ಧ ದಿನದಲ್ಲಿ ನಿಖರವಾಗಿ ಅಳೆಯಬಲ್ಲರು.

ಒತ್ತಡದ ಪಂಪ್ ಬೇಕೇ ಬೇಕಾದಾಗ

ಸಮತಟ್ಟಾದ ಗದ್ದೆಯ ಬಯಲಿನಲ್ಲಿ ಮನೆಯಿದ್ದರೆ, ಸಮೀಪ ಗುಡ್ಡವಿಲ್ಲದಿದ್ದರೆ ಪಂಪ್ ಅನಿವಾರ್ಯ. ಆಗಲೂ ಅದನ್ನು ಬಾವಿಗೆ ಜೋಡಿಸದೆ ಟ್ಯಾಂಕಿಯ ನಂತರ ಜೋಡಿಸುವುದು ವಿವೇಕ. ಬಾವಿಯ ಪಂಪ್ ಬಾವಿಯ ಅಳವಿಗೆ ತಕ್ಕಂತೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನೀರೆತ್ತಲಿ. ಟ್ಯಾಂಕಿಯ ಕೆಳಗಿನ ಸಣ್ಣ ಪಂಪ್ ಶವರ್ ಮತ್ತು ಯಂತ್ರದ ಕವಲಿಗೆ ಮಾತ್ರ ಒತ್ತಡ ಕೊಡಲಿ. ಅಡಿಗೆಮನೆ, ಕೊಟ್ಟಿಗೆಗಳ ನಲ್ಲಿಗಳು ಹಿಂದಿನಂತೆ ತಾವೇ ಹರಿಯಲಿ. ಕರೆಂಟು ಹೋದಾಗಲೂ ಆ ನಲ್ಲಿಗಳು ನಿಲ್ಲುವುದಿಲ್ಲ.

ಪಂಪಿನ ಜೊತೆಗೆ ಒತ್ತಡದ ಟ್ಯಾಂಕನ್ನು ಇಡುವುದರಿಂದ ಪ್ರತಿ ಲೋಟ ನೀರಿಗೂ ಮೋಟಾರು ಹೊತ್ತಿಕೊಳ್ಳುವುದು ತಪ್ಪುತ್ತದೆ. ಅದರೊಳಗೆ ರಬ್ಬರಿನ ಚೀಲವೊಂದಿದ್ದು, ಒಂದು ಬದಿಗೆ ನೀರು, ಮತ್ತೊಂದು ಬದಿಗೆ ಅದುಮಿದ ಗಾಳಿ ಇರುತ್ತದೆ. 24 ಲೀಟರಿನ ಟ್ಯಾಂಕೆಂದರೆ 24 ಲೀಟರ್ ನೀರು ಸಿಗುತ್ತದೆಂದು ಭಾವಿಸಬಾರದು. ಮೋಟಾರು 1.5 ಕೆ.ಜಿ. ಒತ್ತಡಕ್ಕೆ ಆರಂಭವಾಗಿ 3 ಕೆ.ಜಿ.ಗೆ ನಿಲ್ಲುವಂತಿದ್ದರೆ ನಡುವೆ ದೊರೆಯುವುದು ಸುಮಾರು 8 ಲೀಟರ್ ಮಾತ್ರ. 60 ಲೀಟರಿನ ಟ್ಯಾಂಕಿನಲ್ಲಿ ಸುಮಾರು 20 ಲೀಟರ್. ಗಾಳಿಯ ಒತ್ತಡವನ್ನು ಮೋಟಾರು ಆರಂಭವಾಗುವ ಒತ್ತಡಕ್ಕಿಂತ 0.1–0.2 ಕೆ.ಜಿ. ಕಡಿಮೆ ಇಡಬೇಕು. ಆರು ತಿಂಗಳಿಗೊಮ್ಮೆ ಕರೆಂಟು ತೆಗೆದು, ನೀರನ್ನು ಪೂರ್ತಿ ಬಸಿದು, ಬೈಕಿನ ಚಕ್ರದ ಗಾಳಿ ಅಳೆಯುವ ಮಾಪಕದಿಂದಲೇ ಇದನ್ನು ಪರೀಕ್ಷಿಸಬಹುದು.

ಎಲ್ಲ ನಲ್ಲಿಗಳು ಮುಚ್ಚಿರುವಾಗ ರಾತ್ರಿಯಲ್ಲಿ ಮೋಟಾರು ಆಗಾಗ ತಾನೇ ಆರಂಭವಾದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂದು ತಿಳಿಯಬೇಕು. ಬೆಳಿಗ್ಗೆಯೇ ಅದನ್ನು ಹುಡುಕಿ ಸರಿಪಡಿಸುವುದು ಲೇಸು. ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುವ ಸಾಧನ, ಸರಿಯಾದ ಅರ್ತಿಂಗ್, ವಿದ್ಯುತ್ ಸೋರಿದರೆ ಕಡಿತಗೊಳಿಸುವ ಸ್ವಿಚ್ ಈ ಮೂರರಲ್ಲಿ ಉಳಿತಾಯ ಮಾಡಬಾರದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುನ್ನ ಪ್ಲಗ್ ಕಳಚಿಡುವ ಅಭ್ಯಾಸವೂ ಒಳ್ಳೆಯದು.

ಮತ್ತೊಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. ಗಾಳಿಗೆ ತೆರೆದ ಕೊಳವೆಯುಳ್ಳ ಸಾಮಾನ್ಯ ಸೋಲಾರ್ ನೀರು ಕಾಯಿಸುವ ಸಾಧನಗಳು ಒತ್ತಡ ತಡೆಯಲು ತಯಾರಾದುವಲ್ಲ. ಅವುಗಳಿಗೆ ಪ್ರೆಶರ್ ಪಂಪಿನ ನೀರನ್ನು ನೇರವಾಗಿ ಕೊಟ್ಟರೆ ತೊಟ್ಟಿ ಬಿರಿಯಬಹುದು. ಅಂತೆಯೇ ಹಳೆಯ ಕೊಳವೆಗಳ ಜೋಡಣೆಗಳು ಹೊಸ ಒತ್ತಡವನ್ನು ತಾಳುವುದೋ ಇಲ್ಲವೋ ಎಂಬುದನ್ನು ಗೋಡೆಗೆ ಗಾರೆ ಮಾಡುವ ಮುನ್ನವೇ ಪರೀಕ್ಷಿಸಬೇಕು.

ಹಗ್ಗದ ಲೆಕ್ಕ ಮರಳಿ ಬರಲಿ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಿಂದ ಹೊರಗುಳಿಯಲಿಲ್ಲ. ಮಳೆ ಹೆಚ್ಚು ಬೀಳುವ ನಾಡಿನಲ್ಲಿ ನೀರು ನಿಲ್ಲುವುದು ಮಣ್ಣಿನಲ್ಲಿ, ತರಗೆಲೆಯ ಕೆಳಗೆ, ಕಾನಿನ ಬೇರಿನಲ್ಲಿ. ಸೊಪ್ಪಿನ ಬೆಟ್ಟ ಬೋಳಾದರೆ, ಇಂಗುಗುಂಡಿಗಳು ಹೂಳು ತುಂಬಿದರೆ ಯಾವ ಪಂಪೂ ಬಾವಿಯ ಒಸರನ್ನು ಹೆಚ್ಚಿಸಲಾರದು. ಒಂದೇ ಕಣಿವೆಯ ಬಾವಿಗಳು ಒಂದೇ ಮಣ್ಣಿನ ನೀರನ್ನು ಹಂಚಿಕೊಂಡಿರುತ್ತವೆ. ಮೇಲಿನ ಮನೆಯ ಶವರಿನ ರಭಸಕ್ಕೆ ಕೆಳಗಿನ ಕೇರಿಯ ಕೊಡ ಬೆಲೆ ತೆರುವಂತಾಗಬಾರದು.

ಆದುದರಿಂದ ಈ ಸಭೆಗೆ ಒಂದು ಚಿಕ್ಕ ಸೂಚನೆ. ಪ್ರತಿ ಭಾನುವಾರ ಬೆಳಿಗ್ಗೆ, ಪಂಪ್ ಹಾಕುವ ಮುನ್ನ, ಪ್ರತಿ ಮನೆಯ ಒಬ್ಬ ವಿದ್ಯಾರ್ಥಿ ಕಲ್ಲು ಕಟ್ಟಿದ ದಾರವನ್ನು ಬಾವಿಗೆ ಇಳಿಸಲಿ. ದಂಡೆಯಿಂದ ನೀರಿನವರೆಗಿನ ಅಳತೆಯನ್ನು ಬಚ್ಚಲಿನ ಬಾಗಿಲ ಹಿಂದೆ ದಿನಾಂಕದೊಂದಿಗೆ ಬರೆಯಲಿ. ಒಂದು ವರ್ಷದ ಆ ಐವತ್ತೆರಡು ಅಂಕಿಗಳು ಯಾವ ಅಂಗಡಿಯೂ ಹೇಳಲಾರದ ಸತ್ಯವನ್ನು ಹೇಳುತ್ತವೆ. ಎಂತಹ ಪಂಪ್ ಬೇಕು, ಎಷ್ಟು ಹೊತ್ತು ನಡೆಸಬೇಕು, ಯಾವ ತಿಂಗಳಿನಲ್ಲಿ ಶವರನ್ನು ಬಿಟ್ಟು ತಂಬಿಗೆ ಹಿಡಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಲೆಕ್ಕವಿರುವ ಮನೆ ತನಗೆ ಬೇಕಾದ ಒತ್ತಡವನ್ನು ನಿಶ್ಚಿಂತೆಯಿಂದ ಪಡೆಯಲಿ.